ಯುದ್ಧಾನಂತರದ ಇಂಗ್ಲಿಷ್ ಮೋಟಾರು ಕಾರುಗಳು

ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನು ಮೋಟಾರು ಕಾರುಗಳ ವಿಷಯವಾಗಿ ಲೇಖನ ಬರೆಯಹೊರಡುವುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕಾರು ಕೊಳ್ಳುವ ಶಕ್ತಿ ನನಗಿಲ್ಲ. ಕಾರು ನಡೆಸುವ ಪರವಾನಗಿಯೂ ನನ್ನಲ್ಲಿಲ್ಲ. ಆದರೆ ಕಾರಿನ ಕೆಳಗೆ ಮಲಗಿ ಬೆಳೆದವನು ನಾನು ಎಂದರೆ ಅತಿಶಯೋಕ್ತಿಯಾಗಲಾರದು. ನಮ್ಮ ತಂದೆಯವರು ಅರಸೀಕೆರೆಯಿಂದ ತಿಪಟೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ತಗಡು ಹೊದಿಸಿದ ಒಂದು ಷೆಡ್ಡಿನಲ್ಲಿ, ಮೋಟಾರು ರಿಪೇರಿಯ ಕಸುಬು ಮಾಡಿಕೊಂಡು ಬಂದವರು. ಮೂರನೆಯ ತರಗತಿಗೇ ಶಾಲೆ ಬಿಟ್ಟು, ಹನ್ನೆರಡನೆಯ ವಯಸ್ಸಿನಲ್ಲಿ ಹಾಸನದ ಒಂದು ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಹುಡುಗನಾಗಿ ಸೇರಿದವರು. ಅವರ ಕಸುಬೆಲ್ಲ ಅಂಬಾಸಿಡರ್ ಎಂಬ ಒಂದೇ ಕಾರಿನ ಮೇಲೆ ನಿಂತಿತ್ತು. ಆ ಕಾರಿನ ಇಂಜಿನನ್ನು ಕಣ್ಣಿಗೆ ಬಟ್ಟೆ ಕಟ್ಟಿದರೂ ಬಿಚ್ಚಿ ಜೋಡಿಸಬಲ್ಲರು ಎಂದು ನಮ್ಮ ಕಡೆಯ ಡ್ರೈವರುಗಳು ಹೇಳುವುದುಂಟು.

ಮೂರು ವರ್ಷಗಳ ಹಿಂದೆ ಈ ಕಾಲೇಜಿಗೆ ಸೇರುವಾಗ, ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದ ಕಡೆ ನಾನು ‘ವ್ಯಾಪಾರ’ ಎಂದು ಬರೆದೆನು. ಪಕ್ಕದಲ್ಲಿಯೇ ನಿಂತಿದ್ದ ತಂದೆಯವರಿಗೆ ಓದಲು ಬಾರದು. ಏನು ಬರೆದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೇಕೆ ಬರೆದೆನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕಳೆದ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ, ಯುದ್ಧಾನಂತರದ ಇಂಗ್ಲೆಂಡಿನ ರಫ್ತು ವ್ಯಾಪಾರವನ್ನು ಕುರಿತು ನಾನೊಂದು ಪ್ರಬಂಧವನ್ನು ಓದಬೇಕಾಗಿ ಬಂದಿತು. ಅದಕ್ಕಾಗಿ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಮಗುಚುತ್ತಿದ್ದಾಗ, ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನ ಚಿತ್ರವೊಂದು ಕಣ್ಣಿಗೆ ಬಿದ್ದಿತು. ತಗ್ಗಾದ, ನುಣುಪಾದ, ಎರಡೇ ಆಸನಗಳ ಗಾಡಿ. ಕೆಳಗೆ ಇಂಜಿನಿನ ಗಾತ್ರ 1489 ಸಿ.ಸಿ. ಎಂದು ಅಚ್ಚಾಗಿತ್ತು. ಆ ಅಂಕಿ ನನಗೆ ಹೊಸದಲ್ಲ. ಗಿರಾಕಿಗಳ ಆರ್.ಸಿ. ಪುಸ್ತಕವನ್ನು ತಂದೆಯವರಿಗೆ ಓದಿ ಹೇಳುವುದು ಚಿಕ್ಕಂದಿನಿಂದ ನನ್ನ ಕೆಲಸ. ಪೆಟ್ರೋಲಿನದಾಗಲಿ ಡೀಸೆಲಿನದಾಗಲಿ, ಹಳೆಯ ಅಂಬಾಸಿಡರುಗಳ ಪುಸ್ತಕದಲ್ಲಿ ನಾನು ಎಷ್ಟು ಸಲ ಓದಿದ್ದೆನೋ ಅದೇ 1489! ವಿಚಾರಿಸುತ್ತ ಹೋದಂತೆ ಇದು ಕಾಕತಾಳೀಯವಲ್ಲವೆಂದು ತಿಳಿಯಿತು. ಆ ಹುಡುಕಾಟದ ಫಲವೇ ಈ ಲೇಖನ.

ಮೊದಲು ಎರಡು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ ‘ಸಲೂನ್’ ಎಂದರೆ ಕ್ಷೌರದಂಗಡಿ. ಇಂಗ್ಲಿಷರಲ್ಲಿ ಸಲೂನ್ ಕಾರೆಂದರೆ ಗಟ್ಟಿಯಾದ ಮೇಲ್ಛಾವಣಿಯುಳ್ಳ, ನಾಲ್ಕೈದು ಜನ ಕುಳಿತುಕೊಳ್ಳಬಹುದಾದ ಸಂಸಾರಿಯ ಕಾರು. ಸ್ಪೋರ್ಟ್ಸ್ ಕಾರೆಂದರೆ ಸಾಮಾನ್ಯವಾಗಿ ಎರಡೇ ಆಸನಗಳುಳ್ಳ, ಮಡಿಸಬಹುದಾದ ಬಟ್ಟೆಯ ಮೇಲ್ಛಾವಣಿಯ, ಹಗುರವಾದ ಗಾಡಿ. ಮೊದಲನೆಯದು ಎತ್ತಿನ ಬಂಡಿಯಾದರೆ ಎರಡನೆಯದು ಕುದುರೆಯೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಇವೆರಡೂ ಒಂದೇ ಮನೆಯ ಅಣ್ಣತಮ್ಮಂದಿರು. ಇದನ್ನು ತೋರಿಸಿಕೊಡುವುದೇ ನನ್ನ ಉದ್ದೇಶ.

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡು ಗೆದ್ದಿತ್ತು. ಆದರೆ ಮನೆ ಬರಿದಾಗಿತ್ತು. ಅಮೆರಿಕದ ಸಾಲ ತಲೆಯ ಮೇಲಿತ್ತು. ತಿನ್ನುವ ಧಾನ್ಯಕ್ಕೂ ಡಾಲರು ಬೇಕು, ಡಾಲರು ಬರಬೇಕಾದರೆ ಏನನ್ನಾದರೂ ಹೊರದೇಶಕ್ಕೆ ಮಾರಬೇಕು. ಯುದ್ಧಕಾಲದಲ್ಲಿ ವಿಮಾನದ ಭಾಗಗಳನ್ನೂ ಟ್ಯಾಂಕುಗಳನ್ನೂ ತಯಾರಿಸಿದ್ದ ಕಾರ್ಖಾನೆಗಳು ಈಗ ಮತ್ತೆ ಕಾರುಗಳ ಕಡೆಗೆ ತಿರುಗಿದವು. ಆಗ ವ್ಯಾಪಾರ ಮಂತ್ರಿಗಳಾಗಿದ್ದ ಸರ್ ಸ್ಟ್ಯಾಫರ್ಡ್ ಕ್ರಿಪ್ಸ್ ಅವರು (ಸ್ವಾತಂತ್ರ್ಯ ಚಳವಳಿಯ ಇತಿಹಾಸ ಓದಿದವರಿಗೆ 1942ರ ಕ್ರಿಪ್ಸ್ ಆಯೋಗದಿಂದ ಪರಿಚಿತರಾದವರೇ) ತಯಾರಾದ ಕಾರುಗಳಲ್ಲಿ ಅರ್ಧದಷ್ಟನ್ನಾದರೂ ರಫ್ತು ಮಾಡಬೇಕೆಂದು ಉದ್ಯಮಿಗಳಿಗೆ ಕಟ್ಟಪ್ಪಣೆ ಮಾಡಿದರು. ಉಕ್ಕು ಸರ್ಕಾರದ ಹಿಡಿತದಲ್ಲಿತ್ತು. ಹೆಚ್ಚು ರಫ್ತು ಮಾಡಿದವನಿಗೆ ಹೆಚ್ಚು ಉಕ್ಕು, ಮಾಡದವನಿಗೆ ಇಲ್ಲ. ಇಂಗ್ಲೆಂಡಿನಲ್ಲಿ ಪೆಟ್ರೋಲಿನ ಪಡಿತರ 1950ರ ಮೇ ತಿಂಗಳವರೆಗೂ ಮುಂದುವರಿಯಿತು. ಸ್ವದೇಶದಲ್ಲಿ ಹೊಸ ಕಾರು ಬೇಕೆಂದವನು ವರ್ಷಗಟ್ಟಲೆ ಕಾಯಬೇಕಾಗಿತ್ತು. ಸಿಕ್ಕಿದ ಮೇಲೂ ಇಷ್ಟು ಕಾಲ ಮಾರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಇಂತಹ ಬಡತನದಲ್ಲಿಯೇ 1950ರ ಹೊತ್ತಿಗೆ ಇಂಗ್ಲೆಂಡು ಜಗತ್ತಿನಲ್ಲಿ ಅತಿ ಹೆಚ್ಚು ಕಾರುಗಳನ್ನು ರಫ್ತು ಮಾಡುವ ದೇಶವಾಯಿತು. ತಯಾರಾದ ಕಾರುಗಳಲ್ಲಿ ಸುಮಾರು ಮುಕ್ಕಾಲು ಭಾಗ ಹಡಗು ಹತ್ತುತ್ತಿದ್ದವು.

ಆದರೆ ಆ ಕಾರುಗಳ ಇಂಜಿನುಗಳಿಗೆ ಒಂದು ಹುಟ್ಟುಗುಣವಿತ್ತು. ಅದು ಯಂತ್ರಶಾಸ್ತ್ರದಿಂದ ಬಂದುದಲ್ಲ, ತೆರಿಗೆಯಿಂದ ಬಂದುದು. ಯುದ್ಧಪೂರ್ವದಲ್ಲಿ ಇಂಗ್ಲೆಂಡಿನ ಸರ್ಕಾರವು ಕಾರಿನ ಮೇಲೆ ‘ಅಶ್ವಶಕ್ತಿ’ಯ ಲೆಕ್ಕದಲ್ಲಿ ತೆರಿಗೆ ಹಾಕುತ್ತಿತ್ತು. ಆ ಅಶ್ವಶಕ್ತಿಯನ್ನು ಇಂಜಿನಿನ ಬಲವನ್ನು ಅಳೆದು ಕಂಡುಹಿಡಿಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಮತ್ತೆ ಗುಣಿಸಿ, ಎರಡೂವರೆಯಿಂದ ಭಾಗಿಸುವುದು, ಬಂದದ್ದೇ ಅಶ್ವಶಕ್ತಿ. ಈ ಲೆಕ್ಕದಲ್ಲಿ ಪಿಸ್ಟನ್ನು ಎಷ್ಟು ದೂರ ಏರಿಳಿಯುತ್ತದೆ ಎಂಬುದಕ್ಕೆ ಸ್ಥಾನವೇ ಇಲ್ಲ. ಆದುದರಿಂದ ತಯಾರಕರು ಸಿಲಿಂಡರನ್ನು ಸಣ್ಣಗೆ ಮಾಡಿ, ಏರಿಳಿತವನ್ನು ಉದ್ದ ಮಾಡಿದರು. ‘ಮಾರಿಸ್ 8’ ಎಂಬ ಕಾರಿನ ಸಿಲಿಂಡರಿನ ವ್ಯಾಸ 57 ಮಿಲಿಮೀಟರು, ಏರಿಳಿತ 90 ಮಿಲಿಮೀಟರು. ಗಾತ್ರ 918 ಸಿ.ಸಿ.; ತೆರಿಗೆಯ ಲೆಕ್ಕಕ್ಕೆ ಮಾತ್ರ ಎಂಟೇ ಕುದುರೆ! ಅಂಗಡಿಯ ಮುಂಭಾಗದ ಅಗಲಕ್ಕೆ ಕಂದಾಯ ಹಾಕಿದರೆ ಜನ ಕಿರಿದಾಗಿ ಉದ್ದಕ್ಕೆ ಅಂಗಡಿ ಕಟ್ಟುವಂತೆ. ಇಂತಹ ಇಂಜಿನು ಇಂಗ್ಲೆಂಡಿನ ಅಂಕುಡೊಂಕಾದ ಕಿರುರಸ್ತೆಗಳಲ್ಲಿ ಚೆನ್ನಾಗಿ ಎಳೆಯುತ್ತಿತ್ತು; ಅಮೆರಿಕದ ನೇರವಾದ ಹೆದ್ದಾರಿಯಲ್ಲಿ ದಿನವೆಲ್ಲ ವೇಗವಾಗಿ ಓಡಿಸಿದರೆ ದಣಿಯುತ್ತಿತ್ತು. ರಫ್ತಿಗೆ ಇದು ಅಡ್ಡಿಯೆಂದು ಮನಗಂಡು, 1948ರ ಜನವರಿಯಿಂದ ಈ ತೆರಿಗೆಯನ್ನು ಕೈಬಿಟ್ಟು, ಕಾರಿಗೆ ವರ್ಷಕ್ಕೆ 10 ಪೌಂಡುಗಳ ಒಂದೇ ತೆರಿಗೆಯನ್ನು ಇಟ್ಟರು. ತೆರಿಗೆಯನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಕಾರ್ಖಾನೆಯ ಅಚ್ಚುಗಳನ್ನು ಹಾಗೆ ಬದಲಾಯಿಸಲಾಗದು. ಹಳೆಯ ಇಂಜಿನುಗಳು ಇನ್ನೂ ಕೆಲವು ಕಾಲ ಹೊಸ ಕಾರುಗಳ ಒಳಗೆ ಕುಳಿತೇ ಇದ್ದವು.

ಅಮೆರಿಕದವರ ಮನಸ್ಸನ್ನು ಮೊದಲು ಗೆದ್ದದ್ದು ಎಂ.ಜಿ. ಸಂಸ್ಥೆಯ ‘ಟಿ.ಸಿ.’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳು. ಕಾರ್ಖಾನೆ ಇದ್ದುದು ಆಕ್ಸ್‌ಫರ್ಡಿನ ಸಮೀಪದ ಅಬಿಂಗ್ಡನ್ ಊರಿನಲ್ಲಿ. 1945ರಿಂದ 1949ರವರೆಗೆ ಸುಮಾರು ಹತ್ತು ಸಾವಿರ ಟಿ.ಸಿ. ಕಾರುಗಳು ತಯಾರಾದವು. ಇಂಜಿನು 1250 ಸಿ.ಸಿ., ಬಲ 54 ಅಶ್ವಶಕ್ತಿ. ನೋಡಲು ಯುದ್ಧಪೂರ್ವದ ಗಾಡಿಯಂತೆಯೇ ಎತ್ತರದ ತಂತಿಚಕ್ರಗಳು, ಬಿಡಿಯಾಗಿ ನಿಂತ ಮಡ್‌ಗಾರ್ಡುಗಳು. ಸ್ಟಿಯರಿಂಗು ಚಕ್ರ ಯಾವಾಗಲೂ ಬಲಗಡೆ. ಅಮೆರಿಕದ ರಸ್ತೆಗೆ ಅದು ತಪ್ಪು ಪಕ್ಕ. ಆದರೂ ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಇದರ ರುಚಿ ಕಂಡು ಊರಿಗೆ ಒಯ್ದರು. ಅಲ್ಲಿನ ದೊಡ್ಡ ಕಾರುಗಳು ಮೆತ್ತನೆಯ ಸೋಫಾಗಳಂತಿದ್ದವು. ಇದರಲ್ಲಿ ಕುಳಿತವನಿಗೆ ರಸ್ತೆಯ ಒಂದೊಂದು ಕಲ್ಲೂ ಕೈಗೆ ತಿಳಿಯುತ್ತಿತ್ತು. ವೇಗಕ್ಕಿಂತ ಹೆಚ್ಚಾಗಿ ಆ ಅನುಭವಕ್ಕೇ ಅವರು ಮನಸೋತರು.

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಯುದ್ಧಾನಂತರದ ಮೊದಲ ಮೋಟಾರು ಪ್ರದರ್ಶನ ನಡೆಯಿತು. ಒಂದೇ ಛಾವಣಿಯ ಕೆಳಗೆ ಎರಡು ಕಾರುಗಳು ಜನರ ಕಣ್ಣು ಸೆಳೆದವು. ಒಂದು ಬಡವರ ಪಾಲಿನ ಸಲೂನ್, ಮಾರಿಸ್ ಮೈನರ್. ಇನ್ನೊಂದು ಸ್ಪೋರ್ಟ್ಸ್ ಕಾರು, ಜಾಗ್ವಾರ್ ಎಕ್ಸ್.ಕೆ. 120.

ಮಾರಿಸ್ ಮೈನರನ್ನು ರಚಿಸಿದವರು ಅಲೆಕ್ ಇಸ್ಸಿಗೋನಿಸ್. ಇವರು ತುರ್ಕಿಯ ಸ್ಮಿರ್ನಾ ನಗರದಲ್ಲಿ 1906ರಲ್ಲಿ ಹುಟ್ಟಿ, ನಿರಾಶ್ರಿತರಾಗಿ ಇಂಗ್ಲೆಂಡಿಗೆ ಬಂದವರು. ಗಣಿತದ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವರು. (ಈ ಸಂಗತಿಯನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂಬುದನ್ನು ನನ್ನ ಸಹಪಾಠಿಗಳು ಬಲ್ಲರು.) ಕಾರಿನ ಮಾದರಿ ಪೂರ್ತಿಯಾದ ಮೇಲೆ ಅದು ತೀರ ಕಿರಿದಾಗಿದೆಯೆಂದು ಅವರಿಗೆ ತೋರಿತು. ಕಾರನ್ನು ಉದ್ದಕ್ಕೆ ನಡುವೆ ಎರಡಾಗಿ ಸೀಳಿಸಿ, ಎರಡು ಹೋಳುಗಳನ್ನು ಕಣ್ಣಿಗೆ ಸರಿಕಾಣುವವರೆಗೂ ದೂರ ಸರಿಸಿದರು. ನಾಲ್ಕು ಅಂಗುಲಗಳ ಅಂತರದಲ್ಲಿ ಸರಿಯೆನಿಸಿತು. ಮೈನರಿನ ಬಾನೆಟ್ಟಿನ ನಡುವೆ ಇಂದಿಗೂ ಕಾಣುವ ಚಪ್ಪಟೆಯ ಪಟ್ಟಿ ಆ ನಾಲ್ಕು ಅಂಗುಲದ ಗುರುತು. ಬಂಪರುಗಳು ಆಗಲೇ ತಯಾರಾಗಿದ್ದುದರಿಂದ ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದರು. ಸಂಸ್ಥೆಯ ಒಡೆಯರಾದ ಲಾರ್ಡ್ ನಫೀಲ್ಡರಿಗೆ ಇದರ ರೂಪ ಹಿಡಿಸಲಿಲ್ಲ. ಬೇಯಿಸಿದ ಮೊಟ್ಟೆಯಂತಿದೆಯೆಂದು ಹೀಗಳೆದರಂತೆ. ಒಳಗಿದ್ದ ಇಂಜಿನು ಮೇಲೆ ಹೇಳಿದ 918 ಸಿ.ಸಿ.ಯ ಹಳೆಯದೇ. ಆದರೂ ತಿರುವುಗಳಲ್ಲಿ ಅದರ ಹಿಡಿತವು ದುಬಾರಿ ಕಾರುಗಳನ್ನು ನಾಚಿಸುವಂತಿತ್ತು. ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. ಇದೇ ಮೈನರು ನಮ್ಮ ದೇಶದಲ್ಲಿ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಓಡಾಡಿತು.

ಇನ್ನು ಜಾಗ್ವಾರಿನ ಕಥೆ. ವಿಲಿಯಂ ಲಯನ್ಸ್ ಎಂಬವರು 1922ರಲ್ಲಿ ಗೆಳೆಯರೊಬ್ಬರೊಡನೆ ಬ್ಲಾಕ್‌ಪೂಲ್ ಊರಿನಲ್ಲಿ ಮೋಟಾರು ಸೈಕಲ್ಲಿನ ಪಕ್ಕಗಾಡಿಗಳನ್ನು ತಯಾರಿಸಲು ಆರಂಭಿಸಿ, ಕ್ರಮೇಣ ಕಾರಿಗೆ ಬಂದವರು. ಯುದ್ಧದ ರಾತ್ರಿಗಳಲ್ಲಿ ಕವೆಂಟ್ರಿಯ ಕಾರ್ಖಾನೆಯ ಮೇಲೆ ಬಾಂಬಿನ ಬೆಂಕಿಯನ್ನು ಕಾಯುವ ಸರದಿಯಲ್ಲಿ ಕುಳಿತಾಗ, ಲಯನ್ಸರೂ ಅವರ ಇಂಜಿನಿಯರುಗಳೂ ಮುಂದೆ ತಯಾರಿಸಬೇಕಾದ ಹೊಸ ಇಂಜಿನಿನ ವಿಷಯ ಚರ್ಚಿಸುತ್ತಿದ್ದರು. ಹೀಗೆ ಹುಟ್ಟಿದ್ದು 3442 ಸಿ.ಸಿ.ಯ, ಆರು ಸಿಲಿಂಡರಿನ, 160 ಅಶ್ವಶಕ್ತಿಯ ಎಕ್ಸ್.ಕೆ. ಇಂಜಿನು. ಇದು ಉದ್ದೇಶಿತವಾಗಿದ್ದುದು ಒಂದು ದೊಡ್ಡ ಸಲೂನ್ ಕಾರಿಗೆ. ಆ ಸಲೂನಿನ ಮೈ ಪ್ರದರ್ಶನದ ಹೊತ್ತಿಗೆ ಸಿದ್ಧವಾಗಲಿಲ್ಲ. ಇಂಜಿನನ್ನು ಜನರಿಗೆ ತೋರಿಸಲೆಂದು ತರಾತುರಿಯಲ್ಲಿ ಒಂದು ಸ್ಪೋರ್ಟ್ಸ್ ಕಾರಿನ ಮೈಯನ್ನು ರಚಿಸಿದರು. ಕೆಲವು ನೂರು ಮಾತ್ರ ಮಾಡುವುದೆಂದು ಎಣಿಸಿದ್ದರು. ಬೇಡಿಕೆಯ ಪ್ರವಾಹವೇ ಹರಿದುಬಂದಿತು. ಮೊದಲ ಸುಮಾರು 240 ಕಾರುಗಳನ್ನು ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ ಕೈಯಿಂದಲೇ ಮಾಡಿ, 1950ರಿಂದ ಉಕ್ಕಿನ ಮೈಗೆ ಹೋದರು. ಹೆಸರಿನಲ್ಲಿದ್ದ 120 ಎಂಬುದು ಗಂಟೆಗೆ 120 ಮೈಲಿ ವೇಗವನ್ನು ಸೂಚಿಸುತ್ತಿತ್ತು. ನಂಬದವರಿಗಾಗಿ 1949ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಯಾಬೆಕೆ ಎಂಬಲ್ಲಿ ಓಡಿಸಿ 132 ಮೈಲಿಗೂ ಹೆಚ್ಚಿನ ವೇಗವನ್ನು ತೋರಿಸಿದರು. ಇದೇ ಇಂಜಿನು ಹೊತ್ತ ಜಾಗ್ವಾರುಗಳು ಫ್ರಾನ್ಸಿನ ಲ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ನಡೆಯುವ ಪಂದ್ಯವನ್ನು 1951ರಿಂದ 1957ರೊಳಗೆ ಐದು ಸಲ ಗೆದ್ದವು. 1953ರ ಗೆಲುವಿನಲ್ಲಿ ಡಿಸ್ಕ್ ಬ್ರೇಕುಗಳ ಪಾತ್ರ ಹಿರಿದು. ಇಂದು ನಮ್ಮ ಹಳ್ಳಿಯ ಹುಡುಗರ ಮೋಟಾರು ಸೈಕಲ್ಲಿನ ಮುಂಚಕ್ರದಲ್ಲಿ ಕಾಣುವುದು ಆ ಜಾತಿಯ ಬ್ರೇಕೇ.

ಜಾಗ್ವಾರಿನ ಮಾತಿನಲ್ಲಿ ಸ್ಪೋರ್ಟ್ಸ್ ಕಾರು ಸಲೂನಿನ ಇಂಜಿನಿಗೆ ಹೊದಿಸಿದ ಬಟ್ಟೆಯಾಯಿತು. ಉಳಿದವರ ಮಾತೂ ಇದೇ. ಹೊಸ ಇಂಜಿನನ್ನು ರಚಿಸಿ ಅಚ್ಚು ಹಾಕುವುದಕ್ಕೆ ಅಪಾರವಾದ ಹಣ ಬೇಕು. ಸಾವಿರಗಳ ಲೆಕ್ಕದಲ್ಲಿ ಮಾರಾಟವಾಗುವ ಸ್ಪೋರ್ಟ್ಸ್ ಕಾರು ಆ ಖರ್ಚನ್ನು ಹೊರಲಾರದು; ಲಕ್ಷಗಳ ಲೆಕ್ಕದಲ್ಲಿ ಮಾರುವ ಸಲೂನು ಹೊರಬಲ್ಲದು. ಆದುದರಿಂದ ಸಂಸಾರಿಯ ಕಾರಿನ ಇಂಜಿನು, ಗೇರುಪೆಟ್ಟಿಗೆ, ಅಚ್ಚುಗಳನ್ನು ತೆಗೆದುಕೊಂಡು, ಹಗುರವಾದ ಮೈಯನ್ನು ಮೇಲೆ ಕೂರಿಸುವುದೇ ಇಂಗ್ಲಿಷರ ಉಪಾಯವಾಯಿತು.

1953ರಲ್ಲಿ ಬಂದ ಟ್ರಯಂಫ್ ಟಿ.ಆರ್. 2 ಇದಕ್ಕೆ ಸೊಗಸಾದ ನಿದರ್ಶನ. ಗಂಟೆಗೆ ನೂರು ಮೈಲಿ ಮೀರಿ ಓಡುತ್ತಿದ್ದ ಈ ಕಾರಿನ ಇಂಜಿನು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಎಂಬ ಸಲೂನಿನದು. ಅಷ್ಟೇ ಅಲ್ಲ, ಅದೇ ಮನೆತನದ ಇಂಜಿನು ಫರ್ಗುಸನ್ ಟ್ರಾಕ್ಟರಿನಲ್ಲಿ ನೇಗಿಲು ಎಳೆಯುತ್ತಿತ್ತು! ಇದರ ಸಿಲಿಂಡರುಗಳು ಇಂಜಿನಿನ ಮೈಯಲ್ಲಿಯೇ ಕೊರೆದ ರಂಧ್ರಗಳಲ್ಲ. ಹೊರಗಿನಿಂದ ಇಳಿಸುವ ಕೊಳವೆಗಳು, ಸುತ್ತಲೂ ನೀರು. ಸವೆದರೆ ಕೊಳವೆಯನ್ನು ತೆಗೆದು ಬೇರೆ ಹಾಕಬಹುದು. ಗಾತ್ರ ಬದಲಾಗಬೇಕಾದರೆ ಬೇರೆ ವ್ಯಾಸದ ಕೊಳವೆಯನ್ನು ಇಳಿಸಿದರಾಯಿತು. ವ್ಯಾನ್‌ಗಾರ್ಡಿನಲ್ಲಿ 85 ಮಿಲಿಮೀಟರಿನ ಕೊಳವೆ. ಗಾತ್ರ 2088 ಸಿ.ಸಿ. ಪಂದ್ಯಗಳಲ್ಲಿ ಎರಡು ಲೀಟರಿನ ವರ್ಗಕ್ಕೆ ಸೇರಬೇಕೆಂದು ಟಿ.ಆರ್. 2ಕ್ಕೆ 83 ಮಿಲಿಮೀಟರಿನ ಕೊಳವೆ ಹಾಕಿ 1991 ಸಿ.ಸಿ.ಗೆ ಇಳಿಸಿದರು. ನಮ್ಮ ಮನೆಯಲ್ಲಿ ಇದನ್ನು ಓದಿ ಹೇಳಿದಾಗ ತಂದೆಯವರು ಬಹಳ ಹೊತ್ತು ನಕ್ಕರು. ಹೊಲದಲ್ಲಿ ಹೂಡಿದ ಎತ್ತನ್ನೇ ಬಿಚ್ಚಿ ಜಾತ್ರೆಯ ಓಟಕ್ಕೆ ಕಟ್ಟುವುದನ್ನು ನಾವು ನೋಡಿಲ್ಲವೇ ಎಂದರು.

ಅದೇ ರೀತಿ ಡೊನಾಲ್ಡ್ ಹೀಲಿ ಎಂಬವರು 1952ರ ಪ್ರದರ್ಶನಕ್ಕೆ ತಂದ ಕಾರಿನೊಳಗೆ ಇದ್ದುದು ಆಸ್ಟಿನ್ ಸಂಸ್ಥೆಯ ಎ90 ಕಾರಿನ 2660 ಸಿ.ಸಿ. ಇಂಜಿನು. ಅಮೆರಿಕಕ್ಕೆಂದು ತಯಾರಿಸಿದ ಆ ಎ90 ಅಲ್ಲಿ ಮಾರಾಟವಾಗದೆ ಇಂಜಿನುಗಳು ಉಳಿದಿದ್ದವು. ಆಸ್ಟಿನ್ನಿನ ಮುಖ್ಯಸ್ಥರಾದ ಲಿಯೊನಾರ್ಡ್ ಲಾರ್ಡ್ ಅವರು ಪ್ರದರ್ಶನದಲ್ಲಿಯೇ ಒಪ್ಪಂದ ಮಾಡಿಕೊಂಡರು; ಕಾರಿಗೆ ಆಸ್ಟಿನ್-ಹೀಲಿ ಎಂದು ಹೆಸರಾಯಿತು. 1958ರಲ್ಲಿ ಬಂದ ಪುಟ್ಟ ಆಸ್ಟಿನ್-ಹೀಲಿ ಸ್ಪ್ರೈಟಿನ ಇಂಜಿನು ಆಸ್ಟಿನ್ ಎ35 ಎಂಬ ಸಂಸಾರಿ ಕಾರಿನದು, ಸ್ಟಿಯರಿಂಗು ಮಾರಿಸ್ ಮೈನರಿನದು. ಬಾನೆಟ್ಟಿನ ಮೇಲೆ ಎದ್ದು ನಿಂತ ದೀಪಗಳಿಂದಾಗಿ ಜನ ಅದನ್ನು ಕಪ್ಪೆಗಣ್ಣಿನ ಕಾರೆಂದು ಕರೆದರು.

ಈಗ ನನ್ನ 1489ಕ್ಕೆ ಬರುತ್ತೇನೆ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ದೊಡ್ಡ ಸಂಸ್ಥೆಯಾಯಿತು. ಅದರ ‘ಬಿ’ ವರ್ಗದ ಇಂಜಿನಿನ ಸಿಲಿಂಡರು 73 ಮಿಲಿಮೀಟರು ವ್ಯಾಸ, 88.9 ಮಿಲಿಮೀಟರು ಏರಿಳಿತ, ಎಂದರೆ ಸರಿಯಾಗಿ ಮೂರೂವರೆ ಅಂಗುಲ. ಗುಣಿಸಿ ನೋಡಿದರೆ 1489 ಸಿ.ಸಿ. ಬರುತ್ತದೆ. ಇದನ್ನು ಮಾರಿಸ್ ಆಕ್ಸ್‌ಫರ್ಡ್ ಎಂಬ ಸಲೂನಿಗೂ ಹಾಕಿದರು. 1955ರಲ್ಲಿ ಬಂದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿಗೂ ಹಾಕಿದರು. ಒಂದು ಲಕ್ಷಕ್ಕೂ ಮಿಗಿಲಾಗಿ ತಯಾರಾದ ಎಂ.ಜಿ.ಎ. ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಹೊರದೇಶಗಳಿಗೆ ಹೋದವು. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯ ಅಚ್ಚುಗಳು ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಗೆ ಬಂದವು. ಅದೇ ನಮ್ಮ ಅಂಬಾಸಿಡರ್. ಮೊದಲು ಬೇರೆ ಇಂಜಿನು ಇದ್ದು, 1959ರಿಂದ ಈ 1489 ಬಂದಿತು. ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಸಿರಿವಂತರ ಮಕ್ಕಳು ಓಡಿಸಿದ ಕಾರಿನ ಹೃದಯವೂ, ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಮದುವೆಯ ದಿಬ್ಬಣಕ್ಕೆ ಕಾದು ನಿಂತ ಟ್ಯಾಕ್ಸಿಯ ಹೃದಯವೂ ಒಂದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಲೂನಿನಲ್ಲಿ ಸುಮಾರು 50 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನು ಎಂ.ಜಿ.ಎ. ಕಾರಿನಲ್ಲಿ 68 ಅಶ್ವಶಕ್ತಿಯನ್ನೂ, ಸ್ವಲ್ಪ ಕಾಲದ ಮೇಲೆ 72ನ್ನೂ ಕೊಟ್ಟಿತು. ಹೇಗೆ? ಪುಸ್ತಕದ ಉತ್ತರ ನನಗೆ ಅರ್ಥವಾಗಲಿಲ್ಲ. ತಂದೆಯವರನ್ನು ಕೇಳಿದೆ. ಎಂ.ಜಿ.ಎ. ಕಾರಿನಲ್ಲಿ ಎರಡು ಕಾರ್ಬುರೇಟರುಗಳಿವೆ ಎಂದು ಹೇಳುತ್ತಲೇ ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. “ನೆಗಡಿಯಾಗಿ ಒಂದು ಹೊಳ್ಳೆ ಕಟ್ಟಿದವನನ್ನು ಓಡಿಸಿ ನೋಡು. ಎದೆ ಅದೇ, ಕಾಲು ಅದೇ. ಉಸಿರು ಸಾಲದು” ಎಂದರು. ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ. ನಾಲ್ಕು ಸಿಲಿಂಡರುಗಳೂ ಒಂದೇ ಬಾಯಿಯಿಂದ ಗಾಳಿ ಎಳೆದುಕೊಳ್ಳುವ ಬದಲು, ಎರಡಕ್ಕೊಂದರಂತೆ ಎರಡು ಬಾಯಿಗಳಾದರೆ, ವೇಗ ಹೆಚ್ಚಿದಾಗ ಇಂಜಿನಿಗೆ ಉಸಿರು ಕಟ್ಟುವುದಿಲ್ಲ. ಜೊತೆಗೆ ಒತ್ತಡವನ್ನು ಸ್ವಲ್ಪ ಹೆಚ್ಚಿಸಿ, ಕವಾಟಗಳು ತೆರೆದಿರುವ ಕಾಲವನ್ನು ಮಾರ್ಪಡಿಸಿದರು.

ಆ ಕಾರ್ಬುರೇಟರು ಎಸ್.ಯು. ಎಂಬ ಹೆಸರಿನದು, ಸ್ಕಿನ್ನರ್ ಸಹೋದರರು ಕಂಡುಹಿಡಿದುದು. ಒಂದು ಚಿಕ್ಕ ಗುಮ್ಮಟ, ಅದರೊಳಗೆ ಏರಿಳಿಯುವ ಒಂದು ಪಿಸ್ಟನ್ನು, ಅದರ ತಳಕ್ಕೆ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಸೂಜಿ. ಸೂಜಿಯು ಪೆಟ್ರೋಲು ಬರುವ ರಂಧ್ರದೊಳಗೆ ಇಳಿದಿರುತ್ತದೆ. ಇಂಜಿನು ಹೆಚ್ಚು ಗಾಳಿ ಎಳೆದಾಗ ಪಿಸ್ಟನ್ನು ಮೇಲೇರುತ್ತದೆ; ಸೂಜಿಯೂ ಏರುತ್ತದೆ; ರಂಧ್ರದಲ್ಲಿ ಸಂದು ಹೆಚ್ಚಿ ಹೆಚ್ಚು ಪೆಟ್ರೋಲು ಬರುತ್ತದೆ. ಗಾಳಿ ತಾನೇ ಪೆಟ್ರೋಲನ್ನು ಅಳೆದುಕೊಳ್ಳುವ ಈ ಸರಳ ಯುಕ್ತಿ ಮೈನರಿನಲ್ಲಿಯೂ ಜಾಗ್ವಾರಿನಲ್ಲಿಯೂ ಒಂದೇ. ಇದಲ್ಲದೆ ಎಂ.ಜಿ.ಎ. ಕಾರಿನ ತೂಕ ಸುಮಾರು 900 ಕಿಲೋ, ಮೈ ತಗ್ಗು ಮತ್ತು ನುಣುಪು. ಅಂಬಾಸಿಡರು ಗಾಳಿಗೆ ಎದೆಗೊಟ್ಟು ನೂಕುತ್ತದೆ. ಅದು ಗಾಳಿಯ ಕೆಳಗೆ ನುಸುಳುತ್ತದೆ.

1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿನ ಪಡಿತರ ಮತ್ತೆ ಬಂದಿತು. ಕಡಿಮೆ ಕುಡಿಯುವ ಕಾರು ಬೇಕಾಯಿತು. ಇಸ್ಸಿಗೋನಿಸರು 1959ರಲ್ಲಿ ‘ಮಿನಿ’ಯನ್ನು ಕೊಟ್ಟರು. ಉದ್ದ ಹತ್ತೇ ಅಡಿ, ಚಕ್ರ ಹತ್ತು ಅಂಗುಲ. ಇಂಜಿನನ್ನು ಉದ್ದಕ್ಕಿಡದೆ ಅಡ್ಡಕ್ಕೆ ತಿರುಗಿಸಿ, ಗೇರುಪೆಟ್ಟಿಗೆಯನ್ನು ಅದರ ಕೆಳಗೆ ಎಣ್ಣೆಯ ತೊಟ್ಟಿಯಲ್ಲಿಯೇ ಅಡಗಿಸಿ, ಮುಂದಿನ ಚಕ್ರಗಳನ್ನೇ ತಿರುಗಿಸುವಂತೆ ಮಾಡಿದರು. ಹೀಗೆ ನೆಲದ ಸುಮಾರು ನೂರಕ್ಕೆ ಎಂಬತ್ತು ಭಾಗ ಜನರಿಗೂ ಸಾಮಾನಿಗೂ ಉಳಿಯಿತು. ಇಂದು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಇಂಜಿನನ್ನು ಅಡ್ಡಲಾಗಿ ಇಟ್ಟುಕೊಂಡೇ ಓಡುತ್ತಿವೆ. ಈ ಬಡ ಸಲೂನು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. 1961ರಲ್ಲಿ ಜಿನೀವಾ ನಗರದಲ್ಲಿ ಜಾಗ್ವಾರ್ ಇ-ಟೈಪ್ ಪ್ರಕಟವಾಯಿತು. ಮ್ಯಾಲ್ಕಂ ಸೇಯರ್ ಎಂಬ ವಿಮಾನಶಾಸ್ತ್ರಜ್ಞರು ಗಣಿತದಿಂದ ಎಳೆದ ರೇಖೆಗಳ ಆ ಚೆಲುವನ್ನು ಚಿತ್ರದಲ್ಲಿ ನೋಡಿದರೂ ಸಾಕು.

ಇಷ್ಟು ಕೀರ್ತಿವಂತವಾದ ಉದ್ಯಮ ಮುಂದೆ ಏಕೆ ಕುಸಿಯಿತು? ಗೆದ್ದ ದಿನಗಳಲ್ಲಿಯೇ ಸೋಲಿನ ಬೀಜವಿತ್ತೆಂದು ನನಗೆ ತೋರುತ್ತದೆ. ಕಾರಿಗಾಗಿ ಜನ ಸಾಲುಗಟ್ಟಿ ನಿಂತಿದ್ದಾಗ ಹೊಸ ಯಂತ್ರಗಳಿಗೆ ಹಣ ಹಾಕಬೇಕೆಂಬ ಆತುರ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಜರ್ಮನರು, ಅನಂತರ ಜಪಾನೀಯರು ಎದ್ದುನಿಂತರು. ಮಿನಿಯ ಬೆಲೆಯನ್ನು ತೀರ ಕಡಮೆ ಇಟ್ಟುದರಿಂದ ಕೀರ್ತಿ ಬಂದಷ್ಟು ಲಾಭ ಬರಲಿಲ್ಲ. 1968ರಲ್ಲಿ ಆಸ್ಟಿನ್, ಮಾರಿಸ್, ಜಾಗ್ವಾರ್, ರೋವರ್, ಟ್ರಯಂಫ್ ಎಲ್ಲವೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಚಪ್ಪರದ ಕೆಳಗೆ ಬಂದವು. ಒಂದೇ ಮನೆಯಲ್ಲಿ ಹತ್ತು ಒಲೆಗಳು ಉರಿದವು. ಮುಷ್ಕರಗಳೂ ನಷ್ಟಗಳೂ ಬೆಳೆದು, 1975ರಲ್ಲಿ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. 1962ರಲ್ಲಿ ಬಂದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆದರೆ 1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕಿದಾಗಲೂ ಅದರೊಳಗೆ ತಿರುಗುತ್ತಿದ್ದುದು ಅದೇ ‘ಬಿ’ ಇಂಜಿನು. ಸಿಲಿಂಡರು ಅಗಲವಾಗಿತ್ತು, ಏರಿಳಿತ ಅದೇ ಮೂರೂವರೆ ಅಂಗುಲ. ಅಂಬಾಸಿಡರಿನ ಕಥೆಯೂ ಬೇರೆಯಲ್ಲ. ಅದಕ್ಕೂ ಒಂದು ಕಾಲದಲ್ಲಿ ಜನ ವರ್ಷಗಟ್ಟಲೆ ಕಾದರು; ಅದೂ ಹೆಚ್ಚು ಬದಲಾಗಲಿಲ್ಲ. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತಿತು. ಕಾಲದ ವಿಲಾಸವೆಂದರೆ, 2008ರಲ್ಲಿ ಜಾಗ್ವಾರ್ ಸಂಸ್ಥೆಯನ್ನು ಕೊಂಡುಕೊಂಡವರು ನಮ್ಮ ದೇಶದ ಟಾಟಾ ಮೋಟಾರ್ಸ್.

ಅಂಬಾಸಿಡರು ನಿಂತ ವರ್ಷ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಆ ವರ್ಷ ಷೆಡ್ಡಿನಲ್ಲಿ ಏನೂ ಬದಲಾಗಲಿಲ್ಲ. ಅನಂತರ ವರ್ಷಕ್ಕೆ ಎರಡು ಮೂರು ಕಾರುಗಳಂತೆ ಕಡಮೆಯಾಗುತ್ತ ಹೋದವು. ಈಗ ಬರುವ ಹೊಸ ಕಾರುಗಳ ಒಳಗೆ ಕಂಪ್ಯೂಟರಿದೆ. ಕೈಯಲ್ಲಿ ಹಿಡಿಯುವ ಒಂದು ಯಂತ್ರವನ್ನು ಜೋಡಿಸಿದರೆ ದೋಷವೇನೆಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುತ್ತದೆ. ಸದ್ದು ಕೇಳಿಯೇ ಕವಾಟದ ಸಂದನ್ನು ಹೇಳಬಲ್ಲ ನಮ್ಮ ತಂದೆಯವರು ಅದರ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಭಾನುವಾರಗಳಂದು ನಾನು ಓದಿ ಹೇಳುತ್ತೇನೆ. ಅವರು ಕೇಳಿ ಬಿಚ್ಚುತ್ತಾರೆ. ಯಂತ್ರ ಹೇಳಿದ್ದು ತಪ್ಪೆಂದು ಅವರು ಅಂದ ಸಂದರ್ಭಗಳೂ ಉಂಟು. ಅವುಗಳಲ್ಲಿ ಅವರದೇ ಸರಿಯಾದವು ಎಷ್ಟೋ. ಓದು ಬಾರದ ಕೈಯೂ ಸಾಲದು, ಕೈಯರಿಯದ ಓದೂ ಸಾಲದು ಎಂಬುದನ್ನು ಇಂಗ್ಲೆಂಡಿನ ಕಾರ್ಖಾನೆಗಳ ಇತಿಹಾಸಕ್ಕಿಂತ ಮೊದಲು ಈ ಭಾನುವಾರಗಳು ನನಗೆ ತಿಳಿಸಿದವು.

ಮೊಟ್ಟೆಯ ಮಾತಾಡಿದ ಲಾರ್ಡ್ ನಫೀಲ್ಡರ ಮೂಲ ಹೆಸರು ವಿಲಿಯಂ ಮಾರಿಸ್. ಹದಿನೈದಕ್ಕೆ ಶಾಲೆ ಬಿಟ್ಟು, ಹದಿನಾರನೆಯ ವಯಸ್ಸಿನಲ್ಲಿ ನಾಲ್ಕು ಪೌಂಡುಗಳ ಬಂಡವಾಳದಿಂದ ಸೈಕಲ್ ರಿಪೇರಿ ಆರಂಭಿಸಿದವರು. 1937ರಲ್ಲಿ ಅವರು ಕೊಟ್ಟ ದತ್ತಿಯಿಂದ ಆಕ್ಸ್‌ಫರ್ಡಿನಲ್ಲಿ ನಫೀಲ್ಡ್ ಕಾಲೇಜು ಹುಟ್ಟಿತು. ರಿಪೇರಿಯವನು ಕಟ್ಟಿಸಿದ ಕಾಲೇಜಿನಲ್ಲಿ ಪಂಡಿತರು ಓದುತ್ತಿದ್ದಾರೆ. ನಮ್ಮ ತಂದೆಯವರು ಕಾಲೇಜು ಕಟ್ಟಿಸಲಿಲ್ಲ. ಒಬ್ಬನನ್ನು ಕಾಲೇಜಿಗೆ ಕಳುಹಿಸಿದರು.

ಈ ಸಲ ಅಂತಿಮ ಪರೀಕ್ಷೆಯ ಅರ್ಜಿ ತುಂಬುವಾಗ ಅದೇ ಅಂಕಣ ಮತ್ತೆ ಬಂದಿತು. ‘ಮೋಟಾರು ಮೆಕ್ಯಾನಿಕ್’ ಎಂದು ಬರೆದು, ಮನೆಗೆ ಒಯ್ದು, ತಂದೆಯವರಿಗೆ ಓದಿ ಹೇಳಿದೆ. ಅವರು ಸಹಿ ಮಾಡುವ ಮೊದಲು ಸೀಮೆಎಣ್ಣೆಯಿಂದ ಕೈ ತೊಳೆದುಕೊಂಡರು. ಈ ಲೇಖನದಲ್ಲಿ ಇಂಜಿನುಗಳ ವಿಷಯವಾಗಿ ಬರೆದದ್ದನ್ನೆಲ್ಲ ಅವರಿಗೆ ಓದಿ ಕೇಳಿಸಿದ್ದೇನೆ. ಎರಡು ಕಡೆ ತಿದ್ದಿದರು. ಇನ್ನೂ ತಪ್ಪು ಉಳಿದಿದ್ದರೆ ಅದು ನನ್ನದೆಂದು ಭಾವಿಸಿ ವಾಚಕರು ಕ್ಷಮಿಸಬೇಕು.